ಹಿಂದಕ್ಕೆ ನಡೆಯುವವರ ಬೀದಿ

ಜನವರಿ 9

ಚಿರಂಜೀವಿ ಪೆನ್ಸಿಲ್‌ಗೆ ಚಿಕ್ಕಪ್ಪನ ಆಶೀರ್ವಾದ.

ನನ್ನಷ್ಟು ಜ್ಞಾಪಕಶಕ್ತಿ ಇರುವ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬ ಹುಟ್ಟಿಲ್ಲ. ನಾನು ಹುಟ್ಟಿದಾಗ ಸೂಲಗಿತ್ತಿ ನನ್ನನ್ನು ಎತ್ತಿ ಹಿಡಿದಳಲ್ಲ, ಅವಳ ಬಲಗಿವಿಯ ಹಿಂದಿದ್ದ ಮಚ್ಚೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. "ಈ ಕೂಸು ಅಳ್ತಾ ಇಲ್ಲ ಕಣ್ರೇ, ನನ್ನನ್ನೇ ಗುರುತು ಹಾಕ್ಕೊಳ್ತಾ ಇದೆ" ಅಂತ ಅವಳು ಹೆದರಿ ನನ್ನನ್ನು ಕೆಳಗೆ ಮಲಗಿಸಿದಳಂತೆ. ನಿನ್ನ ಚಿಕ್ಕಮ್ಮ ಇದನ್ನು ನಂಬುವುದಿಲ್ಲ. ನಿನ್ನೆ ಕನ್ನಡಕ ಎಲ್ಲಿಟ್ಟೆ ಅನ್ನುವುದೇ ನೆನಪಿರಲಿಲ್ಲ ಅಂತ ಅವಳ ತಕರಾರು. ಕನ್ನಡಕ ಬೇರೆ, ಚರಿತ್ರೆ ಬೇರೆ.

ಆದ್ದರಿಂದ ನೀನು ಕೇಳಬೇಕಾದವನನ್ನೇ ಕೇಳಿದ್ದೀಯ. ಏಳೆಂಟು ವರ್ಷದಿಂದ ಒಂದು ಕಾಗದವಿಲ್ಲ. ಈಗ ಇದ್ದಕ್ಕಿದ್ದ ಹಾಗೆ "ಅಪ್ಪನಿಗೆ ಎಂಬತ್ತು ತುಂಬುತ್ತೆ, ನೆಂಟರನ್ನೆಲ್ಲ ಸೇರಿಸಿ ನಮ್ಮ ಮನೆತನದ ಪುಸ್ತಕ ಹಂಚಬೇಕು, ನೀವು ಹುಟ್ಟಿದ ಬೀದಿ ಎಲ್ಲಿತ್ತು?" ಅಂತ ಮೂರು ಪುಟ. ನಿಮ್ಮ ಗ್ರಂಥಾಲಯದ ಹಳೇ ನಕಾಶೆಯಲ್ಲಿ ಬೀದಿ ಇದೆ, ಅದರ ಮುಂದಿನ ನಕಾಶೆಯಲ್ಲಿ ಇಲ್ಲ ಅಂತೀಯ. ಚಿಕ್ಕವಳಿದ್ದಾಗ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಎಲ್ಲರ ಮಾತು ಬರೆದುಕೊಳ್ಳುತ್ತಿದ್ದೆ. ಈಗಲೂ ಅದೇ ಚಾಳಿ.

ಬರೆದುಕೋ. ಅದು ಹಗ್ಗದ ಬೀದಿ. ಎದುರುಬದುರು ಇಪ್ಪತ್ತೆರಡು ಮನೆ, ಎಲ್ಲರೂ ಹಗ್ಗ ಹೊಸೆಯುವವರೇ. ಬೀದಿಯ ಒಂದು ತುದಿಯಲ್ಲಿ ದೊಡ್ಡ ಚಕ್ರ, ಅದಕ್ಕೆ ಕೊಕ್ಕೆಗಳು. ಒಬ್ಬರು ಚಕ್ರ ತಿರುಗಿಸಬೇಕು. ಹೊಸೆಯುವವನು ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ಕೊಕ್ಕೆಗೆ ಎಳೆ ಸಿಕ್ಕಿಸಿ, ನಾರು ಬಿಡುತ್ತಾ ಬಿಡುತ್ತಾ ಹಿಂದಕ್ಕೆ ನಡೆಯಬೇಕು. ಬೀದಿಯ ಆ ತುದಿಯವರೆಗೆ ಬೆನ್ನು ಮುಂದೆ ಮಾಡಿಕೊಂಡೇ ಹೋಗಬೇಕು. ಬೀದಿ ಎಷ್ಟು ಉದ್ದವೋ ಹಗ್ಗವೂ ಅಷ್ಟು ಉದ್ದ. ಕಣ್ಣು ಕೈಯ ಮೇಲೆ, ಹಿಂದೆ ತಿರುಗಿ ನೋಡಿದರೆ ಎಳೆ ದಪ್ಪ ತೆಳ್ಳಗಾಗುತ್ತೆ. ಹಾಗಾಗಿ ಬೀದಿಯ ನಡುವೆ ಯಾರೂ ಒಂದು ಕೊಡ ಕೂಡ ಇಡುತ್ತಿರಲಿಲ್ಲ. ಅಂಗಳ ಅವರವರದ್ದೇ ಆದರೂ ಅದರ ಮೇಲೆ ಎಲ್ಲರ ಕಾಲೂ ಓಡಾಡುತ್ತಿತ್ತು. ನಮ್ಮ ಮನೆ ಬೀದಿಯ ಸರಿಯಾಗಿ ನಡುವೆ.

ನಿನ್ನಜ್ಜ, ಅಂದರೆ ನಮ್ಮಪ್ಪ, ಹಿಂದಕ್ಕೆ ನಡೆದಷ್ಟು ನೆಟ್ಟಗೆ ಜನ ಮುಂದಕ್ಕೂ ನಡೆಯುತ್ತಿರಲಿಲ್ಲ. ಅವನು ಬಿಟ್ಟರೆ ನಾನು, ಆಮೇಲೆ ನಿನ್ನಪ್ಪ. ಸರಿ, ನಿನ್ನಪ್ಪನೇ ಮೊದಲು ಅಂತ ಬರೆದುಕೋ, ಎಂಬತ್ತರ ಮರ್ಯಾದೆ.

ಆ ಬೀದಿ ಏನಾಯಿತು ಅಂತ ಕೇಳಿದೆಯಲ್ಲ, ನೆರೆ ಬಂತು. ಭಾರಿ ನೆರೆ. ಚಕ್ರ ಸಮೇತ ಕೊಚ್ಚಿಕೊಂಡು ಹೋಯಿತು. ನಾನು ಈಜಿ ಏಳು ಜನರನ್ನು ದಡ ಸೇರಿಸಿದೆ, ಅದನ್ನು ಬೇಕಾದರೆ ಹಾಕು, ಬೇಡವಾದರೆ ಬಿಡು.

ಅಣ್ಣ ಹೇಗಿದ್ದಾನೆ? ನಾನು ಕೇಳಿದೆ ಅಂತ ಹೇಳಬೇಡ.

ಹಿಗ್ಗಿನಿಂದ,
ನಿನ್ನ ಚಿಕ್ಕಪ್ಪ


ಫೆಬ್ರವರಿ 20

ಚಿಕ್ಕಪ್ಪನಿಗೆ ನಮಸ್ಕಾರ.

ನೆರೆ ಬಂದಿಲ್ಲ. ಹೊಳೆ ಅಲ್ಲಿಂದ ಒಂದೂವರೆ ಮೈಲಿ ದೂರ, ಅದೂ ತಗ್ಗಿನಲ್ಲಿದೆ. ನೀವು ಏಳು ಜನರನ್ನು ದಡ ಸೇರಿಸಬೇಕಿದ್ದರೆ ಮೊದಲು ಅವರನ್ನು ಅಷ್ಟು ದೂರ ನಡೆಸಿಕೊಂಡು ಹೋಗಿ ನೀರಿಗೆ ನೂಕಬೇಕಿತ್ತು.

ಹೋದ ವಾರ ನಾನೇ ಅಲ್ಲಿಗೆ ಹೋಗಿದ್ದೆ. ನಕಾಶೆ ಹಿಡಿದುಕೊಂಡು ಎರಡು ಸಲ ಸುತ್ತಿದೆ. ಬೀದಿ ಇದ್ದ ಕಡೆ ಈಗ ಮರದ ಡಿಪೋ, ಉದ್ದಕ್ಕೂ ಎತ್ತರದ ಗೋಡೆ, ಹೊರಗೆ ಲಾರಿಗಳು. ಗೋಡೆ ಎಷ್ಟು ನೆಟ್ಟಗಿದೆ ಅಂದರೆ, ಅದು ನಿಮ್ಮ ಬೀದಿಯ ಗೆರೆಯ ಮೇಲೇ ನಿಂತಿದೆ ಅನ್ನಿಸಿತು. ಡಿಪೋ ಹಿಂದೆ ಒಂದೇ ಒಂದು ಹಳೇ ಮನೆ ಉಳಿದಿದೆ. ಅಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹುಡುಗಿಯಾಗಿದ್ದಾಗ ಚಕ್ರ ತಿರುಗಿಸುತ್ತಿದ್ದೆ ಅಂದರು. ಕೂರಿಸಿದರು, ನೀರು ಕೊಟ್ಟರು, ನಾರು ನೆನೆಹಾಕೋದರಿಂದ ಹಿಡಿದು ಎಲ್ಲ ಹೇಳಿದರು. ನಾನು ಖುಷಿಯಲ್ಲಿ ಬರೆದುಕೊಳ್ಳುತ್ತಾ ಇದ್ದೆ.

ಕೊನೆಗೆ "ನೀನು ಯಾರ ಮಗಳಮ್ಮ?" ಅಂದರು. ನಡುಮನೆಯ ದೊಡ್ಡ ಮಗನ ಮಗಳು ಅಂದೆ.

ಅವರು ನಾನು ಕುಡಿದಿಟ್ಟ ಲೋಟ ಎತ್ತಿಕೊಂಡರು. "ಬೀದಿ ಮುರಿದವನ ಮಗಳಾ?" ಅಂದರು. "ಇನ್ನು ಹೊರಡಮ್ಮ" ಅಂದರು. ಅಷ್ಟೇ. ಬಾಗಿಲು ಹಾಕಿಕೊಂಡರು.

ಚಿಕ್ಕಪ್ಪ, ಆ ಮಾತು ನಾನು ಮೊದಲ ಸಲ ಕೇಳಿದ್ದಲ್ಲ. ಹತ್ತು ವರ್ಷದವಳಿದ್ದಾಗ ಒಂದು ಮದುವೆಯಲ್ಲಿ ಯಾರೋ ಅಪ್ಪನನ್ನು ತೋರಿಸಿ ಹಾಗೇ ಅಂದಿದ್ದರು. ಅಪ್ಪ ಊಟಕ್ಕೆ ಕೂತಿದ್ದವರು ಎದ್ದು ನನ್ನ ಕೈಹಿಡಿದು ಹೊರಗೆ ಬಂದರು. ಆಮೇಲೆ ನಾವು ಯಾವ ನೆಂಟರ ಮನೆಗೂ ಹೋಗಲಿಲ್ಲ. ಈಗ ಅದೇ ನೆಂಟರನ್ನು ನಾನು ಕರೆಯುತ್ತಾ ಇದ್ದೀನಿ. ಅಪ್ಪ ಏನು ಮಾಡಿದರು? ನನಗೆ ಹೇಳಬಲ್ಲವರು ನೀವೊಬ್ಬರೇ.

ನಿಮ್ಮ ಪೆನ್ಸಿಲ್


ಮಾರ್ಚ್ 3

ಪೆನ್ಸಿಲ್ ಮಗಳಿಗೆ,

ಆ ಅಜ್ಜಿಗೆ ವಯಸ್ಸಾಗಿದೆ. ಚಕ್ರ ತಿರುಗಿಸಿ ತಿರುಗಿಸಿ ತಲೆಯೂ ತಿರುಗಿರಬೇಕು. ಅವಳ ಮಾತಿಗೆ ಯಾಕೆ ಸೊಪ್ಪು ಹಾಕುತ್ತೀಯ?

ನೆರೆ ಅಂದದ್ದು ಒಂದು ಮಾತಿಗೆ. ನೈಲಾನ್ ಹಗ್ಗದ ನೆರೆ ಅಂತ ನನ್ನ ಅರ್ಥ. ಕಾರ್ಖಾನೆಯವರು ಹೊಳೆಯೋ ಹಗ್ಗ ತಂದರು, ನಾರಿನ ಹಗ್ಗ ಕೇಳುವವರಿಲ್ಲದೆ ಹೋಯಿತು, ಜನ ಮನೆ ಮಾರಿಕೊಂಡು ಹೋದರು. ಇದನ್ನೇ ಬರೆ. ಓದುವವರು ತಲೆದೂಗುತ್ತಾರೆ, ಯಾರಿಗೂ ನೋವಿಲ್ಲ. ಬೇಕಾದರೆ ನನ್ನದೊಂದು ಫೋಟೊ ಕಳಿಸುತ್ತೇನೆ, ಕೋಟು ಹಾಕಿಕೊಂಡಿರುವುದು. ಕೋಟು ಫೋಟೊ ಅಂಗಡಿಯವನದು, ಮುಖ ಮಾತ್ರ ನನ್ನದೇ.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವನು. "ಇನ್ನು ನಿನಗೆ ಕಲಿಸೋಕೆ ನನ್ನ ಹತ್ತಿರ ಏನೂ ಉಳಿದಿಲ್ಲ" ಅಂತ ಮೇಷ್ಟ್ರು ಕೈಮುಗಿದು ನನ್ನನ್ನು ಮನೆಗೆ ಕಳಿಸಿದರು. ಆದರೂ ಒಂದು ಮಾತು ಹೇಳುತ್ತೇನೆ, ಕೇಳು. ಪುಸ್ತಕ ಅಂದಮೇಲೆ ಎಲ್ಲ ಪುಟವೂ ತುಂಬಿರಬೇಕು ಅಂತೇನಿಲ್ಲ. ಬೀದಿಯ ಪುಟ ಬಿಟ್ಟುಬಿಡು.

ನಿನ್ನಪ್ಪನನ್ನು ಮಾತ್ರ ಇದೆಲ್ಲ ಕೇಳಲು ಹೋಗಬೇಡ. ಕೇಳಿಬಿಟ್ಟೆಯಾ?

ಚಿಕ್ಕಪ್ಪ


ಮಾರ್ಚ್ 28

ಚಿಕ್ಕಪ್ಪ,

ಕೇಳಿದೆ. ಅಪ್ಪ ಕಿಟಕಿ ಹತ್ತಿರ ಕೂತಿದ್ದರು. "ಬೀದಿ ಮುರಿದವನು ಅಂತ ಯಾಕೆ ಅಂತಾರೆ?" ಅಂದೆ. "ನಿನ್ನ ಚಿಕ್ಕಪ್ಪನನ್ನ ಕೇಳು. ಅವನಿಗೆ ಕಥೆ ಚೆನ್ನಾಗಿ ಬರುತ್ತೆ" ಅಂದರು. ಸಿಟ್ಟಿಲ್ಲದೇ ಅಂದರು. ಅದೇ ನನಗೆ ಹೆಚ್ಚು ಚುಚ್ಚಿತು.

ನೈಲಾನ್ ಬರುವಷ್ಟರಲ್ಲಿ ಬೀದಿ ಖಾಲಿಯಾಗಿ ಎಷ್ಟೋ ವರ್ಷವಾಗಿತ್ತು. ಚಕ್ರದ ಅಜ್ಜಿಯ ಹತ್ತಿರ ಇನ್ನೊಮ್ಮೆ ಹೋದೆ. ಈ ಸಲ ಬಾಗಿಲಲ್ಲೇ ನಿಂತು ಹೇಳಿದರು. ನಡುಮನೆಯ ದೊಡ್ಡ ಮಗ ದುಡ್ಡಿನಾಸೆಗೆ ಮುಂದಿನ ಅಂಗಳವನ್ನು ತಗಡಿನ ವ್ಯಾಪಾರಿಗೆ ಕೊಟ್ಟ, ಅವನು ಬೀದಿಗೆ ಅಡ್ಡವಾಗಿ ಅಂಗಡಿ ಎಬ್ಬಿಸಿದ, ಹಗ್ಗ ಹೊಸೆಯೋ ದಾರಿ ಎರಡು ತುಂಡಾಯಿತು, ಅಲ್ಲಿಗೆ ಬೀದಿ ಸತ್ತುಹೋಯಿತು ಅಂದರು.

ಪುಸ್ತಕ ಮೇ ಕೊನೆಗೆ ಅಚ್ಚಿಗೆ ಹೋಗಬೇಕು. ಪುಟ ಬಿಟ್ಟರೆ ನೆಂಟರು ನಗುತ್ತಾರೆ: ಮಗಳು ಅಪ್ಪನ ತಪ್ಪು ಮುಚ್ಚಿದಳು ಅಂತಾರೆ. ಬೇರೆ ಏನೂ ಸಿಗದಿದ್ದರೆ ಅಜ್ಜಿ ಹೇಳಿದ್ದನ್ನೇ ಹಾಕುತ್ತೇನೆ. ಅಪ್ಪ ಮುಂದಿನ ಸಾಲಿನಲ್ಲಿ ಕೂತಿರುವಾಗ ಎಲ್ಲರ ಕೈಯಲ್ಲೂ ಅದು ಇರುತ್ತೆ. ನನಗೆ ನಾಚಿಕೆಯಾಗುತ್ತಿದೆ ಚಿಕ್ಕಪ್ಪ, ಅಪ್ಪನ ಬಗ್ಗೆ. ಹಾಗೆ ಆಗುತ್ತಿದೆಯಲ್ಲ ಅಂತ ಇನ್ನೂ ನಾಚಿಕೆ.

ಪೆನ್ಸಿಲ್


ಮೇ 6

ಮಗಳೇ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ನಾಲ್ಕು ಸಲ ಬರೆದೆ. ಮೊದಲನೆಯದರಲ್ಲಿ ತಗಡಿನ ವ್ಯಾಪಾರಿ ನಮ್ಮಪ್ಪನಿಗೆ ಮಂಕುಬೂದಿ ಎರಚಿದ್ದ. ಎರಡನೆಯದರಲ್ಲಿ ನಾನು ಆ ವ್ಯಾಪಾರಿಯ ಜೊತೆ ಕುಸ್ತಿ ಹಿಡಿದಿದ್ದೆ. ಮೂರನೆಯದು ಚೆನ್ನಾಗಿತ್ತು, ಓದಿದರೆ ನಿನಗೇ ಅಳು ಬರುತ್ತಿತ್ತು, ಅದಕ್ಕೇ ಹರಿದೆ. ಇದು ನಾಲ್ಕನೆಯದು. ಇದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ.

ಅಂಗಳ ಕೊಟ್ಟವನು ನಾನು. ನಿನ್ನಪ್ಪ ಅಲ್ಲ.

ನನ್ನ ಮದುವೆ ಗೊತ್ತಾಗಿತ್ತು. ಆಗ ಊರ ಹೊರಗಿನ ಬಯಲಿಗೆ ಒಂದು ಟೆಂಟ್ ಸಿನಿಮಾ ಬಂದಿತ್ತು. ಅದರ ಮಾಲೀಕ ರೇಷ್ಮೆ ಕರ್ಚೀಫ್ ಕಟ್ಟಿಕೊಂಡಿದ್ದ ಆಸಾಮಿ. "ನಿಮ್ಮ ಮುಖದಲ್ಲಿ ಯಜಮಾನಿಕೆ ಇದೆ ಸಾರ್" ಅಂದ. ಹುಟ್ಟಿದ ಮೇಲೆ ನನ್ನನ್ನು ಸಾರ್ ಅಂದ ಮೊದಲ ಮನುಷ್ಯ ಅವನು. ಸೊಂಟಕ್ಕೆ ನಾರು ಸುತ್ತಿಕೊಂಡು ಹಿಂದಕ್ಕೆ ನಡೆಯುವವನನ್ನು ಯಾರು ಸಾರ್ ಅಂತಾರೆ? ಟೆಂಟಿನಲ್ಲಿ ಅರ್ಧ ಪಾಲು ಕೊಡುತ್ತೇನೆ ಅಂದ. ಹೆಣ್ಣಿನ ಕಡೆಯವರೆದುರು ಸಿನಿಮಾ ಮಾಲೀಕ ಅಂತ ನಿಂತರೆ ಹೇಗಿರುತ್ತೆ ಅಂತ ನಾನು ಆಗಲೇ ನಿಂತು ನೋಡಿಕೊಂಡೆ, ಕನ್ನಡಿ ಮುಂದೆ.

ತಗಡಿನ ವ್ಯಾಪಾರಿಗೆ ನಮ್ಮ ಅಂಗಳದ ಮೇಲೆ ಮೊದಲಿನಿಂದ ಕಣ್ಣಿತ್ತು. ದುಡ್ಡು ಕೊಡಲು ತಯಾರಿದ್ದ. "ಮನೇಲಿ ಒಪ್ಪಿದಾರಾ?" ಅಂದ. "ನಮ್ಮಣ್ಣನೇ ಕಳಿಸಿದ್ದು" ಅಂದೆ. ಈ ನಾಲಿಗೆಗೆ ಆ ಮಾತು ಎಷ್ಟು ಸಲೀಸಾಗಿ ಬಂತು ಅಂದರೆ, ಆಡಿದ ಮೇಲೆ ನನಗೇ ನಿಜ ಅನ್ನಿಸಿತು. ಎರಡು ವಾರದಲ್ಲಿ ಟೆಂಟಿನ ಲಾಭದಿಂದ ದುಡ್ಡು ವಾಪಸ್ ಬಿಸಾಕಿ ಅಂಗಳ ಬಿಡಿಸಿಕೊಳ್ಳುತ್ತೇನೆ ಅನ್ನುವುದು ನನ್ನ ಲೆಕ್ಕ.

ದುಡ್ಡನ್ನು ಕರ್ಚೀಫಿನವನ ಕೈಗಿಟ್ಟು, ಒಂದು ಸಂಜೆ ಟಿಕೆಟ್ ಕೊಡುವ ಗೂಡಿನಲ್ಲಿ ಮಾಲೀಕನ ಹಾಗೆ ಕೂತಿದ್ದೆ. ಅಷ್ಟೇ ನನ್ನ ಯಜಮಾನಿಕೆ. ಮಾರನೆಯ ದಿನ ಹೋಗಿ ನೋಡಿದರೆ ಬಯಲಿನಲ್ಲಿ ಟೆಂಟಿನ ಕಂಬ ನೆಟ್ಟ ಗುಂಡಿಗಳು ಮಾತ್ರ ಇದ್ದವು. ಒಂದು ಗುಂಡಿಯಲ್ಲಿ ನಾಯಿ ಮಲಗಿತ್ತು.

ಆ ವಾರವೇ ದೋಣಿಗಟ್ಟೆಯವರಿಗೆ ದೊಡ್ಡ ಹಗ್ಗ ತಲುಪಿಸಬೇಕಿತ್ತು. ಬೀದಿಯ ಗಂಡಸರೆಲ್ಲ ಸಾಲಾಗಿ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುವುದು ಪದ್ಧತಿ. ನಾನು ಕಾಲು ಉಳುಕಿದೆ ಅಂತ ಉಳಿದುಕೊಂಡೆ. ಮುಖ ಎತ್ತಿ ಅಣ್ಣನ ಹಿಂದೆ ನಡೆಯುವುದು ನನ್ನಿಂದಾಗುತ್ತಿರಲಿಲ್ಲ. ಅವರು ಅತ್ತ ಹೋದರು, ವ್ಯಾಪಾರಿ ಇತ್ತ ತಗಡು ತಂದ. ಹೆಂಗಸರು ಗಲಾಟೆ ಮಾಡಿದರು. "ದೊಡ್ಡ ಮಗ ಒಪ್ಪಿ ಕೊಟ್ಟಿದಾನೆ, ಬಂದ ಮೇಲೆ ಅವನನ್ನೇ ಕೇಳ್ಕೊಳ್ಳಿ" ಅಂದ. ಅವರೆಲ್ಲ ನನ್ನ ಮುಖ ನೋಡಿದರು. ನಾನು ಹೌದು ಅಂತ ತಲೆಯಾಡಿಸಿದೆ.

ಗಂಡಸರು ವಾಪಸ್ ಬಂದಾಗ ಸಂಜೆಯಾಗಿರಲಿಲ್ಲ, ಬಿಸಿಲಿತ್ತು. ಹೊಸ ತಗಡು ಕಣ್ಣು ಕುಕ್ಕುತ್ತಿತ್ತು. ನಮ್ಮಪ್ಪ ನೆಟ್ಟಗೆ ಚಕ್ರದ ಹತ್ತಿರ ಹೋದ. ಸೊಂಟಕ್ಕೆ ನಾರು ಸುತ್ತಿಕೊಂಡ. ಕೊಕ್ಕೆಗೆ ಎಳೆ ಹಾಕಿ, "ತಿರುಗಿಸಮ್ಮ" ಅಂದ. ತಿರುಗಿಸಿದವಳು ಬಹುಶಃ ನಿನಗೆ ಬಾಗಿಲು ಹಾಕಿದ ಆ ಅಜ್ಜಿಯೇ. ಅಪ್ಪ ಹಿಂದಕ್ಕೆ ನಡೆಯತೊಡಗಿದ, ದಿನಾ ನಡೆದ ಹಾಗೆ. ತಿರುಗಿ ನೋಡಲಿಲ್ಲ. ಅಂಗಡಿ ಅಲ್ಲಿದೆ ಅಂತ ಅವನಿಗೆ ಗೊತ್ತಿತ್ತು ಮಗಳೇ, ಆಗಷ್ಟೇ ನೋಡಿದ್ದ. ಆದರೂ ಆ ಬೀದಿಯಲ್ಲಿ ತನ್ನ ಬೆನ್ನಿಗೆ ಯಾರೂ ಏನೂ ಅಡ್ಡ ಇಡುವುದಿಲ್ಲ ಅನ್ನುವ ಹಾಗೇ ನಡೆದ. ಬೆನ್ನು ತಗಡಿಗೆ ಬಡಿಯಿತು. ಸದ್ದು ದೊಡ್ಡದೇನಲ್ಲ. ಕೈಯಲ್ಲಿ ಎಳೆ ಹಿಡಿದುಕೊಂಡೇ, ತಗಡಿಗೆ ಒರಗಿ ನಿಂತ.

"ಯಾರು ಕೊಟ್ಟಿದ್ದು?" ಅಂದ.

ಬೀದಿಯೆಲ್ಲ ಅಣ್ಣನನ್ನು ನೋಡಿತು. ಅಣ್ಣ ನನ್ನನ್ನು ನೋಡಿದ. ಅವನಿಗೆ ಒಂದೇ ಕ್ಷಣ ಸಾಕಾಯಿತು. "ನಾನೇ ಅಪ್ಪ" ಅಂದ.

ಬೀದಿಯ ಹಿರಿಯರು ಒಳ್ಳೆಯವರು. "ಆಗಿದ್ದಾಯ್ತು ಬಿಡು. ಎಷ್ಟು ಇಸ್ಕೊಂಡಿದೀಯ ಹೇಳಪ್ಪ, ಮನೆಗಿಷ್ಟು ಅಂತ ಹಾಕಿ ವಾಪಸ್ ಕೊಡೋಣ" ಅಂದರು. ಅಣ್ಣನಿಗೆ ಎಲ್ಲಿ ಗೊತ್ತು? ವ್ಯಾಪಾರಿಯೇ "ಮೂರು ಸಾವಿರ" ಅಂದ. ಆಗಿನ ಮೂರು ಸಾವಿರ ಅಂದರೆ ಬೀದಿಯ ಅರ್ಧದಷ್ಟು ಮನೆಗಳನ್ನು ಮಾರಬೇಕು. ಹೌದು, ಅಷ್ಟನ್ನೂ ನಾನೇ ಕಳೆದದ್ದು. ಸಣ್ಣ ಕೈ ನನ್ನದಲ್ಲ.

ಹಿತ್ತಲಲ್ಲಿ ಅಣ್ಣ ನನ್ನ ತೋಳು ಹಿಡಿದು, "ಮುಂದಿನ ತಿಂಗಳು ನಿನ್ನ ಮದುವೆ. ಆ ಹುಡುಗಿಗೆ ಇದು ಗೊತ್ತಾಗಬಾರದು" ಅಂದ. ಹೊಡೆದಿದ್ದರೆ ಚೆನ್ನಾಗಿತ್ತು. ವಾರದೊಳಗೆ ಗಿರಣಿ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದ.

ಅಪ್ಪ ಆಮೇಲೆ ಹಿಂದಕ್ಕೆ ನಡೆಯಲಿಲ್ಲ. ಕೂತಲ್ಲೇ ಮಂಚದ ಹುರಿ ಹೊಸೆದುಕೊಂಡಿದ್ದ, ಮೂರನೇ ವರ್ಷ ಹೋಗಿಬಿಟ್ಟ. ಅರ್ಧ ಬೀದಿಯಲ್ಲಿ ಅರ್ಧ ಹಗ್ಗ. ದೋಣಿಗಟ್ಟೆಯವರು ಬೇರೆ ಕಡೆ ಹೋದರು. ಒಂದೊಂದಾಗಿ ಮನೆಗಳು ಆ ವ್ಯಾಪಾರಿಯ ಕೈಗೇ ಬಿದ್ದವು. ನಾನು ಲಾರಿ ತೂಗುವ ಕಟ್ಟೆಯಲ್ಲಿ ಕೆಲಸ ಹಿಡಿದು ಊರು ಬಿಟ್ಟೆ. ಹೋದಲ್ಲೆಲ್ಲ ಬಾಯಿ ತುಂಬ ಬಡಾಯಿ. ಬಾಯಿ ಸುಮ್ಮನಿದ್ದರೆ ಆ ತಗಡಿನ ಸದ್ದು ಕೇಳುತ್ತಿತ್ತು.

ಇದನ್ನು ಅಣ್ಣನಿಗೆ ಓದಿ ಹೇಳು. ಆಮೇಲೆ ಏನು ಬೇಕಾದರೂ ಹಾಕು.

ತಲೆ ತಗ್ಗಿಸಿ,
ನಿನ್ನ ಚಿಕ್ಕಪ್ಪ


ಮೇ 17

ಚಿಕ್ಕಪ್ಪ,

ಓದಿ ಹೇಳಿದೆ. ಕಿಟಕಿ ಹತ್ತಿರವೇ ಕೂತು ಕೇಳಿದರು. ಅಜ್ಜನ ಬೆನ್ನು ತಗಡಿಗೆ ಬಡಿದ ಕಡೆ ನನಗೆ ಓದಲಾಗಲಿಲ್ಲ. "ಓದು" ಅಂದರು. ನಾಯಿ ಗುಂಡಿಯಲ್ಲಿ ಮಲಗಿದ್ದಕ್ಕೆ ನಕ್ಕರು ಕೂಡ.

ಮುಗಿದ ಮೇಲೆ ನಾನು ಅಪ್ಪನ ಕಾಲ ಬಳಿ ಕೂತು ಕ್ಷಮೆ ಕೇಳಿದೆ. ಅವರಿಗೆ ಅದು ಕೇಳಿಸಿದ ಹಾಗೇ ಇರಲಿಲ್ಲ. "ಮೂರು ಸಾವಿರ ಅಂತ ಅವನೂ ಬರೆದಿದಾನಾ?" ಅಂದರು. ಹೌದು ಅಂದೆ. ಆ ಸಾಲು ಮತ್ತೊಮ್ಮೆ ಓದಿಸಿದರು.

ಆಮೇಲೆ ಅಂದರು, ಅವರ ಮಾತನ್ನು ಹಾಗೇ ಬರೆಯುತ್ತಾ ಇದ್ದೀನಿ: "ನನ್ನ ಹೆಸರು ಹೋಗಿದ್ದಕ್ಕೆ ನಾನೇ ಒಪ್ಪಿದ್ದೆ, ಅದನ್ನ ಯಾರೂ ವಾಪಸ್ ಕೊಡಬೇಕಾಗಿಲ್ಲ. ಆದ್ರೆ ಅವತ್ತು ಅಷ್ಟು ಜನ ಎಷ್ಟು ಎಷ್ಟು ಅಂತ ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಬೀದಿ ಉಳೀತಿತ್ತಾ ಇಲ್ವಾ ಅಂತ ಇವತ್ತಿಗೂ ಗೊತ್ತಿಲ್ಲ. ನಿಜವಾಗಿ ಎಷ್ಟು ಅಂತ ಅವನು ಹೇಳ್ಲಿ. ನನಗೇ ಬರೀಲಿ."

ಪುಸ್ತಕವನ್ನು ಅಚ್ಚಿಗೆ ಕೊಟ್ಟಿಲ್ಲ. ಕಾಯುತ್ತಾ ಇದ್ದೀನಿ.

ಪೆನ್ಸಿಲ್


ಜೂನ್ 2

ಅಣ್ಣನಿಗೆ,

ಬೇರೆ ಯಾರಿಗೆ ಕಾಗದ ಬರೆದರೂ ಮೊದಲ ಸಾಲಿನಲ್ಲೇ ನಾನು ಎಂಥವನು ಅಂತ ಕೊಚ್ಚಿಕೊಳ್ಳುತ್ತೇನೆ. ನಿನಗೆ ನಾನು ಎಂಥವನು ಅಂತ ಗೊತ್ತು. ಅದಕ್ಕೇ ಐವತ್ತು ವರ್ಷದಲ್ಲಿ ನಿನಗೊಂದು ಕಾಗದ ಬರೆಯಲಿಲ್ಲ.

ಮೊನ್ನೆ ನನ್ನ ಹೆಂಡತಿಗೆ ಎಲ್ಲ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಮಡಚಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು, ಮತ್ತೆ ಬಿಚ್ಚಿದಳು. "ಮದುವೆಗೆ ಬರಲಿಲ್ಲ ಅಂತ ಆ ಮನುಷ್ಯನಿಗೆ ಇಷ್ಟು ವರ್ಷ ಶಾಪ ಹಾಕಿದೆನಲ್ರೀ" ಅಂದಳು. ಅವತ್ತಿನಿಂದ ನನಗೆ ಊಟ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ.

ನನ್ನ ಕಾಗದವನ್ನು ಒಂದಕ್ಷರ ಬಿಡದೆ ಪುಸ್ತಕದಲ್ಲಿ ಹಾಕಲು ಪೆನ್ಸಿಲ್‌ಗೆ ಹೇಳು. ಬೀದಿ ಮುರಿದವನು ಅನ್ನುವ ಹೆಸರು ನನ್ನದು, ನನಗೆ ಕೊಡಿಸು. ಪುಸ್ತಕ ಹಂಚುವ ದಿನ ನಾನೂ ಬರುತ್ತೇನೆ. ನೆಂಟರು ಏನಾದರೂ ಅನ್ನಲಿ, ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ನೀನು ತಿರುಗಿ ನೋಡಬೇಕಾಗಿಲ್ಲ.

ನಿನ್ನ ತಮ್ಮ

ನೋಡು, ಸಹಿಯೂ ಹಾಕಿಬಿಟ್ಟೆ, ನೀನು ಕೇಳಿದ್ದನ್ನು ಬರೆಯಲಿಲ್ಲ. ಲಕೋಟೆ ಅಂಟಿಸಿ, ಬಿಚ್ಚಿ, ಕೆಳಗೆ ಬರೆಯುತ್ತಿದ್ದೇನೆ. ಮೂರು ಸಾವಿರ ಅಲ್ಲ ಅಣ್ಣ. ನಿನಗೆ ಲೆಕ್ಕ ಗೊತ್ತಿಲ್ಲ ಅನ್ನುವುದು ಆ ವ್ಯಾಪಾರಿಗೆ ನಿನ್ನ ಮುಖ ನೋಡಿಯೇ ತಿಳಿಯಿತು. ಬಾಯಿಗೆ ಬಂದಷ್ಟು ಹೇಳಿ ನನ್ನ ಕಡೆ ಒಮ್ಮೆ ನೋಡಿದ. ನಾನು ನೆಲ ನೋಡಿದೆ. ತಪ್ಪೊಪ್ಪಿಕೊಳ್ಳುವಾಗಲೂ ಅದೇ ಮೂರು ಸಾವಿರ ಬರೆದೆ. ದೊಡ್ಡದು ಕಳೆದುಕೊಂಡವನು ಅನ್ನಿಸಿಕೊಳ್ಳುವುದರಲ್ಲೂ ಒಂದು ದೊಡ್ಡಸ್ತಿಕೆ ಇದೆಯಲ್ಲ. ನಾನೂರಕ್ಕೆ ಮಾತಾಗಿತ್ತು. ಹೊಸ ನೋಟು ಕೊಡುತ್ತೇನೆ ಅಂತ ಇಪ್ಪತ್ತು ಮುರಿದುಕೊಂಡ, ನಾನು ಹೂಂ ಅಂದೆ. ಇಪ್ಪತ್ತೆರಡು ಮನೆಯವರು ಅವತ್ತೇ, ನಿಂತ ಜಾಗದಲ್ಲೇ ಕೊಟ್ಟುಬಿಡುತ್ತಿದ್ದರು.

ಮುನ್ನೂರ ಎಂಬತ್ತು ರೂಪಾಯಿ.